ಹಳೇ ಕೊಳದ ನಾಡಿ ನಂಬರು

ಸರ್ಕಾರದವರು ಸೈಬೊ ಊರಿನಲ್ಲಿ ನೆಲ ಕೊರೆಸಿದ್ದು ಎಣ್ಣೆ ಸಿಗಲಿ ಎಂದು. ಸಿಕ್ಕಿದ್ದು ಬಿಸಿನೀರು. ಎಣ್ಣೆ ಸಿಕ್ಕಿದ್ದರೆ ಇಂಜಿನಿಯರುಗಳು, ಮಂತ್ರಿಗಳು ಬರುತ್ತಿದ್ದರು. ಬಿಸಿನೀರು ಸಿಕ್ಕಿದ್ದರಿಂದ ಮುದುಕರು ಬಂದರು. ಅಂದಿನಿಂದ ಇಂದಿನವರೆಗೆ ಅವರು ಹಳೇ ಕೊಳದಲ್ಲಿ ಕುತ್ತಿಗೆಮಟ್ಟ ಕೂತು, ಕೈಯೊಂದನ್ನು ಮಾತ್ರ ಹೊರಗಿಟ್ಟುಕೊಂಡು, ಮಾಟೆ ಎಂಬ ಎಲೆಯ ಕಷಾಯದ ಸೋರೆಬುರುಡೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ, ತಮ್ಮ ಮಂಡಿಯಿಂದ ಹಿಡಿದು ಉರುಗ್ವೆ ದೇಶದ ಫುಟ್‌ಬಾಲ್ ತಂಡದವರೆಗೆ ಎಲ್ಲವನ್ನೂ ರಿಪೇರಿ ಮಾಡುತ್ತಿದ್ದಾರೆ.

ವಿಲ್ಮಾರ್ ಬೆಂತಾಂಕುರ್ ಈ ಮುದುಕರಲ್ಲಿ ಒಬ್ಬ. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ಊರಿನವರಿಗೂ ಏನೂ ತೋಚುತ್ತಿರಲಿಲ್ಲ. ಕಿತ್ತಳೆ ಮಂಡಿಯಲ್ಲಿ ಜೀವಮಾನವಿಡೀ ಹಣ್ಣು ವಿಂಗಡಿಸಿ ನಿವೃತ್ತನಾದವನು. ದೊಡ್ಡದು ಈ ಪೆಟ್ಟಿಗೆಗೆ, ಸಣ್ಣದು ಆ ಪೆಟ್ಟಿಗೆಗೆ. ಯಾರಾದರೂ ಅವನ ಅಭಿಪ್ರಾಯ ಕೇಳಿದ್ದರೆ ಅದು ಕಿತ್ತಳೆಯ ಗಾತ್ರದ ಬಗ್ಗೆ ಮಾತ್ರ. ಕೊಳದಲ್ಲಿ ತೇಲುವ ಹಲಗೆಯ ಮೇಲೆ ಇಸ್ಪೀಟು ನಡೆಯುವಾಗ ನಾಲ್ಕನೆಯವನು ಸಿಗದಿದ್ದರೆ, "ಹೋಗಲಿ, ವಿಲ್ಮಾರನ್ನ ಕರೀರಿ" ಎನ್ನುತ್ತಿದ್ದರು. ಆ 'ಹೋಗಲಿ' ಅವನಿಗೆ ಚುಚ್ಚುತ್ತಿತ್ತು. ಆದರೂ ಹೋಗಿ ಕೂರುತ್ತಿದ್ದ.

ಹೆಂಡತಿ ನಿಬಿಯಾ ಬೇರೆ ಜಾತಿಯ ಹೆಂಗಸು. ಅವಳಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು. ಕೈ ಮಾತ್ರ ಇರಲಿಲ್ಲ. ಇತ್ತು, ಆದರೆ ಸಂಧಿವಾತ ಹಿಡಿದು ಬೆರಳುಗಳು ಶುಂಠಿಯ ಕೊಂಬುಗಳ ಹಾಗೆ ಸೊಟ್ಟಗಾಗಿದ್ದವು. ಕೊಳಕ್ಕೆ ತಪ್ಪದೆ ಬಂದು ಕೂತರೆ ಆ ಬೆರಳುಗಳು ಹಿಟ್ಟು ನಾದುತ್ತಿದ್ದವು, ಬಾಗಿಲ ಚಿಲಕ ತೆಗೆಯುತ್ತಿದ್ದವು. ಹಿಂದೊಮ್ಮೆ ಚಳಿಗಾಲದಲ್ಲಿ ರಿಪೇರಿಗೆಂದು ಕೊಳ ಮುಚ್ಚಿದಾಗ ಬಚ್ಚಲ ನಲ್ಲಿ ತಿರುಗಿಸಲಿಕ್ಕೂ ಅವಳು ಗಂಡನನ್ನು ಕೂಗಬೇಕಾಯಿತು. ಅವಳಂಥವಳಿಗೆ ಅದು ನೋವಿಗಿಂತ ದೊಡ್ಡ ಅವಮಾನ. ಪಿಂಚಣಿದಾರರಿಗೆ ಹಳೇ ಕೊಳಕ್ಕೆ ಪುಕ್ಕಟೆ ಪಾಸು ಇತ್ತು. ಹೋಟೆಲುಗಳ ಹೊಸ ಕೊಳದ ಮೆಟ್ಟಿಲು ಹತ್ತುವ ಶಕ್ತಿ ಅವರ ಮಂಡಿಗೆ ಇದ್ದರೂ ಪಿಂಚಣಿಗೆ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಜಿಲ್ಲಾ ಆಡಳಿತದ ಪ್ರವಾಸೋದ್ಯಮ ನಿರ್ದೇಶಕ ಗಾರ್ಮೆಂದಿಯಾ ಎಂಬವರಿಗೆ ಒಂದು ಕನಸು ಬಿತ್ತು. ಹಳೇ ಕೊಳವನ್ನು ಬತ್ತಿಸಿ ಅಲ್ಲಿ ಮೂರು ಅಂತಸ್ತಿನ ನೀರಿನ ಜಾರುಬಂಡೆ ಕಟ್ಟುವ ಕನಸು. ಹಳೇ ಕೊಳದ ಮುದುಕರು ದಿನವಿಡೀ ಕೂತು ಒಂದು ಐಸ್‌ಕ್ರೀಮನ್ನೂ ಕೊಳ್ಳುವುದಿಲ್ಲ ಎಂಬುದು ಅವರ ದೂರು. ಆರೋಗ್ಯ ಇಲಾಖೆಯವರು ಅಡ್ಡಬಂದು, ಆ ನೀರಿನಿಂದ ಮುದುಕರಿಗೆ ನಿಜವಾಗಿ ಗುಣವಿದೆಯೋ ಇಲ್ಲವೋ ಮೊದಲು ಅಳೆಯೋಣ ಎಂದರು. ಅಳೆಯಲು ಬಂದವಳು ರಾಜಧಾನಿ ಮೊಂತೆವಿದೆಯೊದ ಡಾಕ್ಟರ್ ರೊಮಿನಾ. ತೆಳ್ಳಗಿನ ಹುಡುಗಿ, ದಪ್ಪ ಕನ್ನಡಕ, ಚೀಲದಲ್ಲಿ ನಾಲ್ಕಾರು ಕೈಪಟ್ಟಿಗಳು. ಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟಿಕೊಂಡರೆ ಸಾಕು, ಎದೆಬಡಿತ, ನಿದ್ದೆ, ನಡಿಗೆ ಎಲ್ಲವನ್ನೂ ಅವು ಬರೆದಿಟ್ಟುಕೊಳ್ಳುತ್ತಿದ್ದವು. ಒಂದು ವಾರದೊಳಗೆ ಒಂದು ಪಟ್ಟಿ ಬಟ್ಟೆ ಒಗೆಯುವ ಮೆಷಿನ್ನಿನಲ್ಲಿ ತೀರಿಕೊಂಡಿತು. ಒಂದನ್ನು ಅಜ್ಜಿಯೊಬ್ಬಳು ಮೊಮ್ಮಗನ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಟ್ಟುಬಿಟ್ಟಳು. ಮಿಕ್ಕವರು, ಚರ್ಮ ಕಡಿಯುತ್ತದೆ ಎಂದು ಬಿಚ್ಚಿ ಹಿಂತಿರುಗಿಸಿದರು. ಕೊನೆಗೆ ಇನ್ನೂ ಯಾರ ಕೈಗೂ ಹೋಗದೆ ಉಳಿದದ್ದು ಒಂದೇ ಪಟ್ಟಿ. ಅದನ್ನು ನಿಬಿಯಾಳಿಗೆಂದು ಇಟ್ಟಿದ್ದರು. ಅವಳಿನ್ನೂ ನೀರಿಗಿಳಿದಿರಲಿಲ್ಲ. ಊದಿದ ಮಣಿಕಟ್ಟಿಗೆ ಅದು ಹಿಡಿಸಲಿಲ್ಲ, ಕೊಂಡಿ ಹಾಕಲು ಬೆರಳೂ ಬಗ್ಗಲಿಲ್ಲ. ಪಕ್ಕದಲ್ಲಿ ಟವಲು ಹಿಡಿದು ನಿಂತಿದ್ದ ಗಂಡನ ಕೈಗೆ ಡಾಕ್ಟರು ಅದನ್ನು ಕಟ್ಟಿದಳು.

"ನಂಬರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ದೊನ್ ವಿಲ್ಮಾರ್. ಎಂದಿನ ಹಾಗೇ ಇರಿ, ಅಷ್ಟು ಸಾಕು" ಎಂದಳು, ಹೆಸರಿಗೆ ದೊನ್ ಎಂಬ ಗೌರವವನ್ನೂ ಸೇರಿಸಿ.

ಎಂದಿನ ಹಾಗೆ ಇದ್ದೂ ಇದ್ದೂ ಬೇಸತ್ತಿದ್ದ ಮನುಷ್ಯನಿಗೆ ಹೇಳುವ ಮಾತೇ ಅದು? ಕೊಳಕ್ಕೆ ಇಳಿದವನೇ ವಿಲ್ಮಾರ್ ಪಟ್ಟಿ ಕಟ್ಟಿದ ಕೈಯನ್ನು ಎಲ್ಲರಿಗೂ ಕಾಣುವಂತೆ ದಂಡೆಯ ಮೇಲಿಟ್ಟ. ಕೇಳುವವರೆಗೆ ಕಾದ. ಕೇಳಿದ ಮೇಲೆ, ಡಾಕ್ಟರಮ್ಮ ಊರಿನ ಎಲ್ಲರ ಎದೆಯನ್ನೂ ಪರೀಕ್ಷಿಸಿ ಕೊನೆಗೆ ತನ್ನದನ್ನೇ ಆರಿಸಿದಳು ಎಂದೂ, ಇಂಥ ಎದೆ ದೇಶದಲ್ಲೇ ಅಪರೂಪ ಎಂದು ಅಂದಳೆಂದೂ ಹೇಳಿದ. ನಿಬಿಯಾ ಪಕ್ಕದಲ್ಲೇ ಇದ್ದಳು. ಗಂಡನ ಮುಖದಲ್ಲಿ ಅಂಥ ಬೆಳಕನ್ನು ಕಂಡು ಬಹಳ ಕಾಲವಾಗಿತ್ತು. ಅದಕ್ಕೇ ಸುಮ್ಮನಿದ್ದಳು.

ದಾರ್ದೊ ಎಂಬ ನಿವೃತ್ತ ಕಸಾಯಿ ಹುಬ್ಬು ಹಾರಿಸಿದ. "ಆ ಅಪರೂಪದ ಎದೆ ಈಗೆಷ್ಟು ಬಡ್ಕೋತಿದೆ, ಓದು ನೋಡೋಣ."

ವಿಲ್ಮಾರ್ ಕಣ್ಣು ಕಿರಿದು ಮಾಡಿ ಪಟ್ಟಿ ನೋಡಿದ. "ಎಪ್ಪತ್ತೆರಡು."

ದಾರ್ದೊನ ಹುಬ್ಬು ಹಾರಿಸಿದಲ್ಲೇ ನಿಂತಿತು.

ಸೈಬೊದ ಜನ ದಿನಕ್ಕೆ ಎರಡು ಸಲ ಉಸಿರು ಬಿಗಿಹಿಡಿಯುತ್ತಾರೆ, ಮಧ್ಯಾಹ್ನದ ಊಟ ಅರಗುವಾಗ ಒಮ್ಮೆ, ರಾತ್ರಿಯ ಊಟಕ್ಕೆ ಮುಂಚೆ ಒಮ್ಮೆ. ಕಿನಿಯೆಲಾ ಲಾಟರಿಯ ನಂಬರು ಎತ್ತುವ ಹೊತ್ತು ಅದು. ಸರ್ಕಾರವೇ ನಡೆಸುವ ಆಟವಾದ್ದರಿಂದ ಅದು ಜೂಜಲ್ಲ, ದೇಶಸೇವೆ. ಸಲಕ್ಕೆ ಇಪ್ಪತ್ತು ನಂಬರು ಎತ್ತುತ್ತಾರೆ, ಮೊದಲನೇ ಸ್ಥಾನಕ್ಕೆ ಹಣ ಹೆಚ್ಚು. ಎರಡಂಕಿಯ ಪ್ರತಿ ನಂಬರಿಗೂ ಅಲ್ಲಿ ಒಂದೊಂದು ಅರ್ಥವಿದೆ. ಮಗ್ಗಿ ಬಾರದವರಿಗೂ ಅದು ಬಾಯಿಪಾಠ. ಕನಸಿನಲ್ಲಿ ಹುಚ್ಚ ಬಂದರೆ ಇಪ್ಪತ್ತೆರಡು ಬರೆಸಬೇಕು, ಮದುವೆ ಕಂಡರೆ ಅರವತ್ತಮೂರು, ಹೆದರಿ ಎದ್ದು ಕೂತರೆ ತೊಂಬತ್ತು. ಎಪ್ಪತ್ತೆರಡು ಎಂದರೆ ಅಚ್ಚರಿ. ವಿಲ್ಮಾರನಿಗೆ ಅಪರೂಪದ ಎದೆ ಇರುವುದಕ್ಕಿಂತ ದೊಡ್ಡ ಅಚ್ಚರಿ ಯಾವುದು ಎಂದುಕೊಂಡು ದಾರ್ದೊ ಒದ್ದೆ ಚಡ್ಡಿಯಲ್ಲೇ ಎದ್ದು, ಕೊಳದ ಗೇಟಿನ ಪಕ್ಕದ ದೊನ್ಯಾ ಸುಲ್ಮಾಳ ನಂಬರ್ ಅಂಗಡಿಗೆ ಹೋಗಿ ಚೀಟಿ ಬರೆಸಿದ. ಮಧ್ಯಾಹ್ನ ರೇಡಿಯೋದಲ್ಲಿ ಮೊದಲನೇ ಸ್ಥಾನಕ್ಕೆ ಎಪ್ಪತ್ತೆರಡೇ ಬಂತು. ಸಂಜೆ ದಾರ್ದೊ ಇಡೀ ಕೊಳಕ್ಕೆ ಕೆಂಡದ ಮೇಲೆ ಸುಟ್ಟ ಮಾಂಸದ ಊಟ ಹಾಕಿಸಿದ. ಮೊದಲ ತುಂಡು ವಿಲ್ಮಾರನಿಗೆ ಕೊಟ್ಟ.

ಅದು ಅಲ್ಲಿಗೇ ನಿಂತಿದ್ದರೆ ವಿಜ್ಞಾನಕ್ಕೆ ಒಳ್ಳೆಯದಿತ್ತು. ಮರುದಿನವೂ ವಿಲ್ಮಾರನ ನಾಡಿಯ ನಂಬರು ಬಂತು. ಮೊದಲನೇ ಸ್ಥಾನಕ್ಕಲ್ಲ, ಎಲ್ಲೋ ಕೆಳಗೆ. ಆದರೆ ಊರು ಆಗಲೇ ತೀರ್ಮಾನಕ್ಕೆ ಬಂದಾಗಿತ್ತು. ಈ ಬಿಸಿನೀರು ಭೂಮಿಯ ಆಳದಿಂದ ಬರುತ್ತದೆ, ಆ ಆಳಕ್ಕೆ ಮುಂದಾಗುವುದೆಲ್ಲ ಗೊತ್ತಿರುತ್ತದೆ, ಅದು ವಿಲ್ಮಾರನ ಎದೆಗೆ ಹೇಳುತ್ತದೆ, ಎದೆ ಪಟ್ಟಿಗೆ ಹೇಳುತ್ತದೆ. ಇದರಲ್ಲಿ ಅರ್ಥವಾಗದ್ದೇನಿದೆ ಎಂದು ಅವರ ಪ್ರಶ್ನೆ.

ವಿಲ್ಮಾರನ ಭಾಗ್ಯ ತೆರೆಯಿತು. ಬಿಸಿನೀರು ಬಂದು ಬೀಳುವ ಬಾಯಿಯ ಪಕ್ಕದ ಜಾಗ, ಎಂದರೆ ಬೆನ್ನಿಗೆ ನೀರು ತಾನಾಗಿ ಬಡಿಯುವ ಜಾಗ, ಅವನದಾಯಿತು. ಮಾಟೆಯ ಮೊದಲ ಸುತ್ತು ಕಹಿ, ಎರಡನೆಯದೇ ರುಚಿ. ಆ ಎರಡನೆಯದು ಅವನಿಗೆ ಬರತೊಡಗಿತು. ಇಸ್ಪೀಟಿಗೆ ಅವನನ್ನು ಮೊದಲು ಕರೆದು ಆಮೇಲೆ ಮಿಕ್ಕ ಮೂವರನ್ನು ಹುಡುಕುತ್ತಿದ್ದರು. ಪೊಲೀಸ್ ಇನ್ಸ್‌ಪೆಕ್ಟರು ಸಮವಸ್ತ್ರದಲ್ಲೇ ಕೊಳದಂಡೆಗೆ ಬಂದು, ಸುರಕ್ಷತೆಯ ದೃಷ್ಟಿಯಿಂದ ನಾಡಿಬಡಿತದ ವಿವರ ಬೇಕಾಗಿದೆ ಎಂದು ಗಂಭೀರವಾಗಿ ವಿಚಾರಿಸಿದರು. ಎರಡು ದಿನ ಬಿಟ್ಟು ಅದೇ ಸುರಕ್ಷತೆಯ ದೃಷ್ಟಿಯಿಂದ ಹೆಂಡತಿಯನ್ನೂ ಕಳಿಸಿದರು.

ಆದರೆ ಊರಿನವರಿಗೆ ನಂಬರು ಕೇಳುವುದು ಸಾಲದಾಯಿತು. ತಮಗೆ ಬೇಕಾದ ನಂಬರು ಬರಬೇಕು ಎಂಬ ಆಸೆ ಹುಟ್ಟಿತು. ವಿಧವೆ ಎಲ್ಬಾಳಿಗೆ ಮದುವೆಯ ಕನಸು ಬಿದ್ದಿತ್ತು. ಅವಳು ವಿಲ್ಮಾರನನ್ನು ನೆರಳಿಗೆ ಕೂರಿಸಿ, ಕ್ಯಾಮೊಮೈಲ್ ಹೂವಿನ ಕಷಾಯ ಕುಡಿಸಿ, ಜೋಗುಳದ ದನಿಯಲ್ಲಿ ಮಾತಾಡಿಸಿ, ನಾಡಿಯನ್ನು ಅರವತ್ತಮೂರಕ್ಕೆ ಇಳಿಸಲು ಹೆಣಗಿದಳು. ಅರವತ್ತಾರಕ್ಕೆ ಬಂದಿತ್ತು. ಅಷ್ಟರಲ್ಲಿ ತೊಂಬತ್ತು ಬೇಕಾಗಿದ್ದ ದಾರ್ದೊ ಹಿಂದಿನಿಂದ ಬಂದು ಅವನ ಚಡ್ಡಿಯೊಳಗೆ ಕಪ್ಪೆ ಬಿಟ್ಟ. ಪಟ್ಟಿ ತೊಂಬತ್ತನ್ನು ದಾಟಿ ನೂರ ಇಪ್ಪತ್ತಕ್ಕೆ ಹೋಯಿತು. ಅದಕ್ಕೆ ಕಿನಿಯೆಲಾದಲ್ಲಿ ಅರ್ಥವೇ ಇರಲಿಲ್ಲ. ಎಲ್ಬಾ ಮತ್ತು ದಾರ್ದೊ ಕೊಳದಲ್ಲೇ ಕೈಕೈ ಮಿಲಾಯಿಸಿದರು, ನೋಡುತ್ತಿದ್ದ ಬುದ್ಧಿವಂತರು ಹೋಗಿ ಜಗಳದ ನಂಬರು ಎಂಬತ್ತೆರಡು ಬರೆಸಿದರು.

ನಂಬರು ಬಾರದ ದಿನ ತಪ್ಪೆಲ್ಲ ವಿಲ್ಮಾರನದೇ. "ರಾತ್ರಿ ಏನು ತಿಂದೆ?" ಎಂದು ಕೇಳುತ್ತಿದ್ದರು. "ಈರುಳ್ಳಿ ತಿಂದ್ಯಾ? ನಮ್ಮನ್ನ ಒಂದು ಮಾತು ಕೇಳಬಾರದಾ?" ಎನ್ನುತ್ತಿದ್ದರು. ಅವನ ಎದೆ ಈಗ ಅವನೊಬ್ಬನದಾಗಿ ಉಳಿದಿರಲಿಲ್ಲ, ಪಂಚಾಯಿತಿ ಆಸ್ತಿಯಾಗಿತ್ತು. ಡ್ರಾದ ಹೊತ್ತು ಹತ್ತಿರ ಬಂದರೆ ಕಿವಿಯಲ್ಲಿ ಡೋಲು ಬಡಿದಂತಾಗುತ್ತಿತ್ತು. ರಾತ್ರಿ ಮಗ್ಗುಲಾಗಿ ಮಗ್ಗುಲಾಗಿ ಹಾಸಿಗೆ ಸವೆಯುತ್ತಿತ್ತು. ನಿಬಿಯಾ ಪಟ್ಟಿ ಬಿಚ್ಚಿ ಬಿಸಾಕು ಎಂದಳು. ಅವನು ಬಿಚ್ಚಲಿಲ್ಲ. ಹೆದರಿಕೆಯೇನೋ ಇತ್ತು, ಆದರೆ ಆ ಎರಡನೇ ಸುತ್ತಿನ ಮಾಟೆಯನ್ನು ಹೇಗೆ ಬಿಡುವುದು?

ಮೂರನೇ ವಾರ ಡಾಕ್ಟರ್ ರೊಮಿನಾ ಅವನನ್ನು ಕರೆದು ಕೂರಿಸಿ ಕಂಪ್ಯೂಟರ್ ತೋರಿಸಿದಳು. ಪರದೆಯ ಮೇಲೆ ಗೆರೆಯೊಂದು ಸಾಧುವಾಗಿ ನಡೆದುಕೊಂಡು ಬಂದು, ಅವನು ಕೊಳಕ್ಕೆ ಇಳಿಯುತ್ತಲೇ ಬೆದರಿದ ಕುದುರೆಯ ಹಾಗೆ ಓಡುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಅವಳು ಹೇಳಿದಳು: "ಮನೇಲಿ ಚೆನ್ನಾಗಿದೀರಿ, ಬೀದೀಲಿ ಚೆನ್ನಾಗಿದೀರಿ. ನೀರಿಗೆ ಇಳಿದ್ರೆ ಮಾತ್ರ ನಿಮ್ಮೆದೆ ಹೀಗಾಡುತ್ತೆ. ನಿದ್ದೇನೂ ಕೆಟ್ಟಿದೆ. ನನ್ನ ಹತ್ರ ಇರೋ ಲೆಕ್ಕ ಇದೊಂದೇ, ದೊನ್ ವಿಲ್ಮಾರ್. ಈ ಲೆಕ್ಕದ ಪ್ರಕಾರ ಹಳೇ ಕೊಳ ಮುದುಕರಿಗೆ ಅಪಾಯ."

ಗಾರ್ಮೆಂದಿಯಾ ಅಲ್ಲೇ ಇದ್ದರು. ಅವರ ಮುಖ ಹೇಗಿತ್ತೆಂದರೆ, ಜಾರುಬಂಡೆಯ ಮೇಲಿಂದ ಆಗಲೇ ಒಂದು ಸಲ ಜಾರಿ ಬಂದಂತಿತ್ತು. ಪಾಪ, ನಮ್ಮ ಹಿರಿಯರ ಪ್ರಾಣ ಮುಖ್ಯ, ಪಾಸುಗಳನ್ನು ಈ ತಿಂಗಳೇ ರದ್ದು ಮಾಡಿಬಿಡೋಣ ಎಂದರು. ಡಾಕ್ಟರು ಒಪ್ಪಲಿಲ್ಲ. ಇನ್ನೊಮ್ಮೆ, ಎಲ್ಲರೆದುರು, ತಾನೇ ನಿಂತು ಅಳೆಯುತ್ತೇನೆ ಎಂದಳು. ಗಾರ್ಮೆಂದಿಯಾ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು. ಬರುವ ಶುಕ್ರವಾರ ಮಧ್ಯಾಹ್ನ ಇವನ ನಾಡಿ ನೀರಿನಲ್ಲಿ ಎಪ್ಪತ್ತಕ್ಕಿಂತ ಕೆಳಗೆ ಬಂದರೆ ತಾವು ಮತ್ತೆ ಕೊಳದ ತಂಟೆಗೆ ಬರುವುದಿಲ್ಲ, ಬರದಿದ್ದರೆ ಶನಿವಾರ ಪಂಪು ಹಚ್ಚಿ ನೀರು ಖಾಲಿ ಮಾಡುವುದು. ಆ ಎದೆಯ ಪಾಡು ಗೆರೆಯಲ್ಲಿ ಕಂಡಿದ್ದವರಿಗೆ ಮಾತು ಕೊಡಲು ಕಷ್ಟವೇನಿತ್ತು.

ಕಿನಿಯೆಲಾದ ಸಂಗತಿಯನ್ನು ಅಲ್ಲೇ ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತು. ವಿಲ್ಮಾರನಿಗೆ ನಾಚಿಕೆಯಾಯಿತು. ಮನೆಗೆ ಬಂದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಹಿಟ್ಟು ನಾದುತ್ತಿದ್ದಳು. ನಾದುವುದನ್ನು ನಿಲ್ಲಿಸಲಿಲ್ಲ.

"ನೋಡು ಮುದುಕಾ, ನಿನಗೆ ನಾಕು ಜನ ಮರ್ಯಾದೆ ಕೊಟ್ಟರು ಅಂತ ನಂಗೂ ಸಂತೋಷವೇ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ಆದರೆ ಆ ನೀರು ಹೋದರೆ ನಂಗೆ ಈ ಕೈ ಹೋಗುತ್ತೆ. ನನ್ನ ಸ್ನಾನ ನೀನು ಮಾಡಿಸಬೇಕಾಗುತ್ತೆ, ಊಟ ನೀನು ತಿನ್ನಿಸಬೇಕಾಗುತ್ತೆ. ನೀನು ಮಾಡ್ತೀಯ, ಗೊತ್ತು. ನಂಗೆ ಬೇಡ."

ವಿಲ್ಮಾರ್, ತಾನೊಬ್ಬ ಕತ್ತೆ ಎಂದ. ಅವಳು, ಅದನ್ನು ಅಳೆಯಲು ಪಟ್ಟಿ ಬೇಕಿರಲಿಲ್ಲ ಎಂದಳು.

ಮರುದಿನ ನಿಬಿಯಾ ಕೊಳದಂಡೆಯಲ್ಲಿ ನಿಂತು ಇಡೀ ಊರಿಗೆ ಮಂಗಳಾರತಿ ಮಾಡಿದಳು. ಅವಳು ಬಳಸಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಪ್ಪೆಯ ಹೆಸರು ಬಂದಾಗ ದಾರ್ದೊ ಮೂಗಿನವರೆಗೆ ನೀರಿಗಿಳಿದ. ಅವಳು ಮುಗಿಸಿದ ಮೇಲೆ ದೊನ್ಯಾ ಸುಲ್ಮಾ ಅಂಗಡಿಯಿಂದ ಹೊರಗೆ ಬಂದಳು. ಸುಲ್ಮಾ ಎಂದರೆ ಗಡಸು ಹೆಂಗಸು. ಯಾರಿಗೂ ಸಾಲ ಬರೆಯುವವಳಲ್ಲ, ಯಾರ ಕಷ್ಟಕ್ಕೂ ಕಿವಿಗೊಡುವವಳಲ್ಲ. ಅಂಥವಳು, ಶುಕ್ರವಾರದ ಅಳತೆ ಮುಗಿಯುವ ತನಕ ತನ್ನ ಅಂಗಡಿ ಬಂದ್ ಎಂದು ಸಾರಿದಳು. ಅವಳು ಅಂಗಡಿ ಮುಚ್ಚಿದ್ದು ಅದೇ ಮೊದಲು. ಗಂಡ ಸತ್ತಾಗಲೂ ಅರ್ಧ ಬಾಗಿಲು ತೆರೆದಿತ್ತು.

ಶುಕ್ರವಾರ ಬಂತು. ಗಾರ್ಮೆಂದಿಯಾ ಕೋಟು ಬೂಟು ಹಾಕಿಕೊಂಡು ದಂಡೆಯ ಮೇಲೆ ಕುರ್ಚಿ ಹಾಕಿಸಿ ಕೂತರು. ಡಾಕ್ಟರ್ ರೊಮಿನಾ ಫೋನು ಹಿಡಿದು ಮಂಡಿಯೂರಿದಳು. ಪಟ್ಟಿಯ ನಂಬರು ಅದರಲ್ಲಿ ಬರುತ್ತಿತ್ತು. ವಿಲ್ಮಾರ್ ನೀರಿಗಿಳಿದ. ಊರಿನವರೆಲ್ಲ ಮೊದಲೇ ಬಂದು ನೀರಿನಲ್ಲಿ ಕೂತಿದ್ದರು. ಅವನನ್ನು ಶಾಂತವಾಗಿಡಬೇಕು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದ್ದರು. ಆದ್ದರಿಂದ ಯಾರೂ ಮಾತಾಡಲಿಲ್ಲ, ಕೆಮ್ಮಲಿಲ್ಲ, ಮಾಟೆ ಹೀರಲಿಲ್ಲ. ಅಷ್ಟೂ ತಲೆಗಳು ನೀರಿನ ಮೇಲೆ ಕಲ್ಲಂಗಡಿಗಳ ಹಾಗೆ ನಿಂತು ಅವನನ್ನೇ ಕಣ್ಣು ಮಿಟುಕಿಸದೆ ನೋಡಿದವು. ಇನ್ಸ್‌ಪೆಕ್ಟರು ಬೀದಿನಾಯಿಗಳನ್ನು ಠಾಣೆಯಲ್ಲಿ ಕೂಡಿಹಾಕಿಸಿ ಬಂದಿದ್ದರು.

ಅಂಥ ಮೌನವನ್ನು ವಿಲ್ಮಾರ್ ಶವಸಂಸ್ಕಾರಗಳಲ್ಲೂ ಕಂಡಿರಲಿಲ್ಲ. ನಾಡಿ ಎಂಬತ್ತೆಂಟಕ್ಕೆ ಏರಿತು. ತೊಂಬತ್ತೈದಾಯಿತು. ಎಲ್ಬಾ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಪ್ರಾರ್ಥನೆ ಮಾಡುವುದು ಕಂಡಿತು. ನೂರ ನಾಲ್ಕಾಯಿತು. ಗಾರ್ಮೆಂದಿಯಾ ಗಡಿಯಾರ ನೋಡಿಕೊಂಡು, ಪಂಪಿನವರು ಊಟ ಮಾಡಿಕೊಂಡೇ ಬರಲಿ, ಅವಸರವಿಲ್ಲ ಎಂದು ಪಕ್ಕದವನಿಗೆ ಹೇಳಿದರು.

ಆಗ ನಿಬಿಯಾ ಮೆಟ್ಟಿಲಿಳಿದು ನೀರಿಗೆ ಬಂದಳು. ಸುತ್ತಲಿದ್ದವರನ್ನು ಒಮ್ಮೆ ನೋಡಿದಳು.

"ಇದೇನು ಹೆಣ ಕಾಯ್ತಿದೀರಾ? ಇವನನ್ನ ಇಷ್ಟು ವರ್ಷ ಯಾರಾದ್ರೂ ನೋಡಿದ್ರಾ, ಇವತ್ತು ನೋಡೋಕೆ? ಎಲ್ಲ ಆ ಕಡೆ ತಿರುಗಿ. ದಾರ್ದೊ, ಇಸ್ಪೀಟು ಹಾಕು. ಮೋಸ ಮಾಡು, ದಿನಾ ಮಾಡೋ ಹಾಗೇ."

ದಾರ್ದೊ ಹಲಗೆ ತೇಲಿಬಿಟ್ಟ. ಮೊದಲ ಆಟದಲ್ಲೇ ಮೋಸ ಮಾಡಿದ. ಎದುರಾಳಿ ಅವನ ವಂಶವನ್ನೆಲ್ಲ ನೆನೆದ. ಯಾರೋ ಪಿಂಚಣಿಯ ಮಾತೆತ್ತಿದರು, ಯಾರೋ ಸೊಂಟದ ಮಾತೆತ್ತಿದರು, ಎಲ್ಬಾ ಸೊಸೆಯನ್ನು ಬಯ್ಯತೊಡಗಿದಳು. ಕೊಳ ಮತ್ತೆ ಸಂತೆಯಾಯಿತು. ನಿಬಿಯಾ ಗಂಡನ ಪಕ್ಕದಲ್ಲಿ ಕೂತು ತನ್ನ ಕೆಲಸ ಶುರುಮಾಡಿದಳು. ಗ್ಯಾಸ್ ಸಿಲಿಂಡರಿನ ಮೂತಿ ಸರಿಯಾಗಿ ತಿರುಗಿಸಿ ಬಂದೆಯಾ? ಬಂದಿಲ್ಲ. ಕೋಳಿಗೂಡಿನ ಬಾಗಿಲಿಗೆ ತಂತಿ ಕಟ್ಟು ಎಂದು ಹೋದ ಈಸ್ಟರಿನಿಂದ ಹೇಳುತ್ತಿದ್ದೇನೆ. ನಿನ್ನ ತಂಗಿ ಕ್ರಿಸ್‌ಮಸ್‌ಗೆ ಬಂದು ಹೋಗುವಾಗ ನನ್ನ ಒಳ್ಳೇ ಬಾಣಲೆ ಹೊತ್ತುಕೊಂಡು ಹೋದಳು, ನೀನು ಗೇಟಿನವರೆಗೆ ಹಿಡಿದುಕೊಂಡು ಹೋಗಿ ಕೊಟ್ಟೆ. ದನಿ ಏರಲಿಲ್ಲ, ಇಳಿಯಲಿಲ್ಲ, ಮಗ್ಗದ ಸದ್ದಿನ ಹಾಗೆ ಸಾಗಿತು. ವಿಲ್ಮಾರ್ ಮದುವೆಯಾದಂದಿನಿಂದ ಪ್ರತಿ ರಾತ್ರಿ ಈ ದನಿಯನ್ನು ಕೇಳುತ್ತಲೇ ನಿದ್ದೆಹೋದವನು. ಅವನ ಭುಜ ಸಡಿಲವಾಯಿತು. ಕಣ್ಣು ಎಳೆಯಿತು.

"ಎಂಬತ್ತು" ಎಂದಳು ಡಾಕ್ಟರು ಮೆಲ್ಲಗೆ. ಸ್ವಲ್ಪ ಹೊತ್ತಿಗೆ, "ಎಪ್ಪತ್ತೊಂದು." ಗಾರ್ಮೆಂದಿಯಾ ಕುರ್ಚಿಯಿಂದ ಎದ್ದರು. "ಅರವತ್ತನಾಲ್ಕು." ಇಸ್ಪೀಟಿನವರು ಎಲೆ ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡರು. ವಿಲ್ಮಾರನ ಗಲ್ಲ ನೀರಿಗೆ ಮುಟ್ಟಿತು, ಬಾಯಿ ತೆರೆಯಿತು, ಗೊರಕೆಯೊಂದು ಬಂತು.

ಡಾಕ್ಟರು ಸಂತೋಷ ತಡೆಯಲಾರದೆ ಎದ್ದು ನಿಂತಳು. "ಐವತ್ತೆಂಟು. ಈ ವಯಸ್ಸಿಗೆ ಇದಕ್ಕಿಂತ ಒಳ್ಳೆ ನಂಬರ್ ಇಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಡಾಕ್ಟರು ರಾಜಧಾನಿಯ ಹುಡುಗಿ, ಓದಿನಲ್ಲಿ ಮುಳುಗಿದವಳು, ಅವಳಿಗೆ ತಿಳಿಯಲಿಲ್ಲ. ಐವತ್ತೆಂಟು ಎಂದರೆ ನೀರಿನಲ್ಲಿ ಮುಳುಗಿ ಸತ್ತವನು. ಕೊಳದ ತುಂಬ ಜನ ಎದೆಯ ಮೇಲೆ ಶಿಲುಬೆ ಎಳೆದುಕೊಂಡರು. ನಿಬಿಯಾ ಒಂದು ಕ್ಷಣವೂ ತಡಮಾಡಲಿಲ್ಲ. ಗಂಡನ ಎರಡೂ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮೂಟೆ ಎಳೆದ ಹಾಗೆ ಮೆಟ್ಟಿಲ ಮೇಲಕ್ಕೆ ಎಳೆದು ಹಾಕಿದಳು. ಅವನು ಕಣ್ಣುಬಿಟ್ಟು, ತಂತಿ ನಾಳೆ ಕಟ್ಟುತ್ತೇನೆ ಎಂದ.

ಡಾಕ್ಟರ್ ರೊಮಿನಾ ಅವನನ್ನು ನೋಡುತ್ತಿರಲಿಲ್ಲ. ಅವನ ಮಣಿಕಟ್ಟಿನ ಸುತ್ತ ಬಿಗಿದಿದ್ದ ನಿಬಿಯಾಳ ಬೆರಳುಗಳನ್ನು ನೋಡುತ್ತಿದ್ದಳು. ತಾನು ಬಂದ ಹೊಸತರಲ್ಲಿ, ನೀರಿಗಿಳಿಯುವ ಮುಂಚೆ, ಒಂದು ಪಟ್ಟಿಯ ಕೊಂಡಿ ಹಾಕಲು ಬಗ್ಗದ ಬೆರಳುಗಳು ಅವು. ಅಳೆಯಬೇಕಾದದ್ದನ್ನು ಬಿಟ್ಟು ಏನನ್ನೋ ಅಳೆದೆನಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ವರದಿಯಲ್ಲಿ ನಾಡಿಯ ಜೊತೆಗೆ ಆ ಬೆರಳುಗಳ ಸಂಗತಿಯನ್ನೂ ಬರೆದಳು, ಇನ್ನೆರಡು ದಿನ ಉಳಿದು ಊರಿನ ಎಲ್ಲ ಹೆಂಗಸರ ಕೈಗಳನ್ನೂ ನೋಡಿ ಬರೆದಳು. ಗಾರ್ಮೆಂದಿಯಾ ಎಲ್ಲರೆದುರು ಆಡಿದ ಮಾತನ್ನು ಉಳಿಸಿಕೊಳ್ಳಬೇಕಾಯಿತು. ಜಾರುಬಂಡೆ ಹೋಟೆಲಿನವರ ಹಿತ್ತಲಿಗೆ ಹೋಯಿತು. ಪಾಸು ಉಳಿಯಿತು. ನಾಡಿಯ ಅಳತೆ ಮುಗಿಯಿತೆಂದು ಆ ಶುಕ್ರವಾರವೇ ಡಾಕ್ಟರು ವಿಲ್ಮಾರನ ಕೈಯಿಂದ ಪಟ್ಟಿ ಬಿಚ್ಚಿಕೊಂಡಳು.

ಅದೇ ಸಂಜೆ ವಿಲ್ಮಾರ್ ತಲೆ ಬಾಚಿಕೊಂಡು ನಂಬರ್ ಅಂಗಡಿಗೆ ಹೋದ. ಅಳತೆ ಮುಗಿದಿದ್ದರಿಂದ ಸುಲ್ಮಾ ಬಾಗಿಲು ತೆಗೆದಿದ್ದಳು. ಊರೆಲ್ಲ ಅಲ್ಲಿತ್ತು.

"ಐವತ್ತೆಂಟು ಬರೀರಿ, ದೊನ್ಯಾ ಸುಲ್ಮಾ. ಮೊದಲನೇ ಸ್ಥಾನಕ್ಕೆ."

"ಮೆಷಿನ್ ಕೆಟ್ಟಿದೆ" ಎಂದಳು ಸುಲ್ಮಾ. ಅವನ ಕಣ್ಣೆದುರೇ ಮೆಷಿನ್ನು ಕಟಕಟ ಎಂದು ಇನ್ಸ್‌ಪೆಕ್ಟರ ಹೆಂಡತಿಯ ಚೀಟಿಯನ್ನು ಉಗುಳಿತು.

ಅವನು ದಾರ್ದೊನ ತೋಳು ಹಿಡಿದು, ನನ್ನ ಪರವಾಗಿ ನೀನು ಬರೆಸು ಎಂದ. ದಾರ್ದೊನಿಗೆ ಇದ್ದಕ್ಕಿದ್ದಂತೆ ಮನೆಯಲ್ಲಿ ಕೆಲಸ ನೆನಪಾಯಿತು. ಎಲ್ಬಾ ಕಿವಿ ಕೇಳಿಸದವಳ ಹಾಗೆ ನಿಂತಳು. ಕೊನೆಯ ನಂಬರು, ಅರ್ಥ ಮುಳುಗಿದವನಾದರೇನು, ಡಾಕ್ಟರೇ ಹೊಗಳಿದ ಒಳ್ಳೆಯ ನಂಬರು. ಅದನ್ನು ಒಬ್ಬರೂ ಮುಟ್ಟುತ್ತಿಲ್ಲ. ಪಟ್ಟಿ ಕೈಬಿಟ್ಟ ಗಳಿಗೆಯಿಂದ ತಾನು ಮತ್ತೆ ಹಳೇ ವಿಲ್ಮಾರನಾದೆ, ಇನ್ನು ತನ್ನ ಮಾತಿಗೆ ಬೆಲೆಯಿಲ್ಲ ಎಂದು ಅವನಿಗೆ ಅನ್ನಿಸಿತು. ಮೂಲೆಯ ಬೆಂಚಿನಲ್ಲಿ ಹೋಗಿ ಕೂತ.

ರೇಡಿಯೋದಲ್ಲಿ ರಾಗವಾಗಿ ನಂಬರು ಹಾಡತೊಡಗಿದರು. ಮೊದಲನೇ ಸ್ಥಾನ ಬಂತು. ಐವತ್ತೆಂಟು.

ಸೈಬೊದ ಇತಿಹಾಸದಲ್ಲಿ ಒಂದು ನಂಬರು ಹೀಗೆ ಮನೆಬಾಗಿಲಿಗೆ ಬಂದು, ಹೆಸರು ಹೇಳಿ, ಚಪ್ಪಲಿ ಬಿಟ್ಟು ನಿಂತದ್ದು ಅದೇ ಮೊದಲು. ಊರು ಕದ ಹಾಕಿಕೊಂಡಿತ್ತು. ದಾರ್ದೊ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಅವನು ಅತ್ತೆಯ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಿ, ಕೈ ಮಣ್ಣನ್ನೂ ಕೊಡವದೆ ಬಂದು, ಸತ್ತವರ ನಂಬರು ಬರೆಸಿದ ಮನುಷ್ಯ.

ವಿಲ್ಮಾರ್ ಎದ್ದು ನಿಂತು ಎಲ್ಲರಿಗೂ ಸಮನಾಗಿ ಬಯ್ದ. ಇಡೀ ಊರಿನ ಬಡತನ ಒಂದೇ ರಾತ್ರಿಯಲ್ಲಿ ಹರಿದುಹೋಗುತ್ತಿತ್ತಲ್ಲ, ನೀವೆಲ್ಲ ಮೂರ್ಖರೇ ಎಂದ. ಈ ಮೂರು ವಾರ ಕಂಡಕಂಡ ನಂಬರಿಗೆಲ್ಲ ಸುರಿದಿರಿ, ಇದೊಂದು ಬಿಟ್ಟಿರಿ, ಯಾಕೆ ಎಂದ. ಎಲ್ಬಾ ಮೂಗೊರೆಸಿಕೊಂಡಳು.

ಸುಲ್ಮಾ ಗಲ್ಲಾಪೆಟ್ಟಿಗೆ ಮುಚ್ಚಿ ಬೀಗ ಹಾಕಿದಳು. "ದೊನ್ ವಿಲ್ಮಾರ್, ನಾನು ಇಲ್ಲಿ ಎಲ್ಲರ ಕನಸನ್ನೂ ಮಾರಿದೀನಿ, ಎಲ್ಲರ ಸಾವನ್ನೂ ಮಾರಿದೀನಿ. ನೀವು ಮುಳುಗೋದನ್ನ ಮಾರಲ್ಲ. ಇವರು ಯಾರೂ ಕೇಳಲೂ ಇಲ್ಲ. ಮನೆಗೆ ಹೋಗಿ, ನಿಬಿಯಾ ಕಾಯ್ತಿರ್ತಾಳೆ."

ಅವನು ಸುತ್ತ ನೋಡಿದ. ದಾರ್ದೊ ನೆಲ ನೋಡುತ್ತಿದ್ದ, ಇನ್ಸ್‌ಪೆಕ್ಟರ ಹೆಂಡತಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ತಡವಾಗಿ ಅರ್ಥವಾಗುವುದು ಅವನಿಗೆ ಮೊದಲಿನಿಂದಲೂ ಅಭ್ಯಾಸ. ಇದೂ ಹಾಗೇ, ನಿಂತಲ್ಲೇ ನಿಂತಿರುವಾಗ, ನಿಧಾನವಾಗಿ ಅರ್ಥವಾಯಿತು. ಆಗ ಅವನ ಎದೆ ಎಷ್ಟು ಜೋರಾಗಿ ಬಡಿಯಿತೋ ಯಾರಿಗೂ ತಿಳಿಯದು. ಪಟ್ಟಿ ಡಾಕ್ಟರ ಚೀಲದಲ್ಲಿತ್ತು.